ಚಾನೆಲ್ ಯಾರ ಸ್ವತ್ತು: ಮುಕ್ತ ತಂತ್ರಾಂಶದ ಹರಟೆಕಟ್ಟೆಗಳ ಚರಿತ್ರೆ

ಇಂಟರ್ನೆಟ್ ರಿಲೇ ಚಾಟ್ ಅಥವಾ ಐಆರ್‌ಸಿ 1988ರ ಆಗಸ್ಟ್‌ನಲ್ಲಿ ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಸ್ಥಳೀಯ ಬುಲೆಟಿನ್ ಬೋರ್ಡ್ ಒಂದರಲ್ಲಿದ್ದ ಹರಟೆಯ ಪ್ರೋಗ್ರಾಂಗೆ ಬದಲಾಗಿ ಯಾರ್ಕೊ ಓಯ್ಕರಿನೆನ್ ಇದನ್ನು ಬರೆದರು. ಮೊದಲಿಗೆ ಚಾನೆಲ್‌ಗಳಿಗೆ, ಅಂದರೆ ಹರಟೆಯ ಕೋಣೆಗಳಿಗೆ, ಬರೀ ಸಂಖ್ಯೆಗಳಿದ್ದವು. ಹ್ಯಾಷ್ ಚಿಹ್ನೆಯಿಂದ ಶುರುವಾಗುವ ಹೆಸರುಗಳು ಆಮೇಲೆ ಬಂದವು. ಲಿನಕ್ಸ್ ಹುಟ್ಟಿ ಬೆಳೆದ 1990ರ ದಶಕದಲ್ಲಿ, ಎಂದೂ ಮುಖ ನೋಡದೆ ಒಂದೇ ತಂತ್ರಾಂಶಕ್ಕಾಗಿ ದುಡಿಯುತ್ತಿದ್ದವರು ಕೂಡಿ ಮಾತಾಡಿದ್ದು ಹೆಚ್ಚಾಗಿ ಇಂಥ ಚಾನೆಲ್‌ಗಳಲ್ಲೇ.

ಆ ಕಾಲದ ಚಾನೆಲ್‌ಗೆ ಒಡೆಯರಿರಲಿಲ್ಲ. ಮೊದಲು ಒಳಹೊಕ್ಕವರಿಗೆ ‘ಆಪ್’ ಅಧಿಕಾರ, ಅಂದರೆ ಗಲಾಟೆ ಮಾಡುವವರನ್ನು ಹೊರದಬ್ಬುವ ಹಕ್ಕು, ತಾನಾಗಿ ಸಿಗುತ್ತಿತ್ತು. ಎಲ್ಲರೂ ಎದ್ದುಹೋದರೆ ಚಾನೆಲ್ಲೇ ಮಾಯ. ಮರುದಿನ ಬೇರೊಬ್ಬರು ಅದೇ ಹೆಸರಿನಲ್ಲಿ ಬಂದು ಕೂರಬಹುದಿತ್ತು. ಜಾಲವೊಂದರ ಸರ್ವರ್‌ಗಳ ನಡುವಿನ ಸಂಪರ್ಕ ಕಡಿದ ಗಳಿಗೆ ನೋಡಿ ಆಪ್ ಅಧಿಕಾರ ಕಸಿಯುವುದು ಕೆಲವರಿಗೆ ಆಟವೇ ಆಗಿತ್ತು. ಹರಟೆಗೆ ಬಂದವರು ಇದನ್ನು ಸಹಿಸಿಯಾರು. ಆದರೆ ಬಳಕೆದಾರರಿಗೆ ನೆರವಿನ ವಿಳಾಸ ಕೊಟ್ಟು ಕೂತ ತಂತ್ರಾಂಶ ಯೋಜನೆಗೆ ಇದು ಒಗ್ಗುವಂಥದ್ದಲ್ಲ. ಡಾಲ್‌ನೆಟ್ ಎಂಬ ಜಾಲ 1990ರ ದಶಕದ ನಡುವಿನಲ್ಲಿ ತಂದ ನಿಕ್‌ಸರ್ವ್ ಮತ್ತು ಚಾನ್‌ಸರ್ವ್ ಎಂಬ ಸೇವೆಗಳು ಇದಕ್ಕೆ ಮದ್ದಾದವು. ಅಡ್ಡಹೆಸರನ್ನೂ ಚಾನೆಲನ್ನೂ ಗುಪ್ತಪದದೊಂದಿಗೆ ನೋಂದಾಯಿಸಿಕೊಳ್ಳುವ ವ್ಯವಸ್ಥೆ ಇದು. ಚಾನೆಲ್‌ಗೆ ಒಡೆತನ ಬಂದದ್ದು ಹೀಗೆ. ಆದರೆ ನೋಂದಣಿಯ ಪುಸ್ತಕವೇ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂತು. ಆಗ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ.

ಲಿನಕ್ಸ್ ಕಲಿಯುವವರಿಗೆ ನೆರವಾಗಲೆಂದು ರಾಬ್ ಲೆವಿನ್ ನಡೆಸುತ್ತಿದ್ದ ‘ಲಿನ್‌ಪೀಪಲ್’ ಎಂಬ ಚಾನೆಲ್ ಒಂದು ಜಾಲದಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ತನ್ನದೇ ಜಾಲ ಕಟ್ಟಿಕೊಂಡಿತು. ಅದು 1998ರಲ್ಲಿ ಓಪನ್ ಪ್ರಾಜೆಕ್ಟ್ಸ್ ನೆಟ್ ಆಯಿತು. 2002ರಲ್ಲಿ ಫ್ರೀನೋಡ್ ಎಂದು ಹೆಸರು ಬದಲಿಸಿಕೊಂಡಿತು. ಚಾನೆಲ್ ನಡೆಸುವ ಬಗೆಯಲ್ಲಿ ಇಂದಿಗೂ ಉಳಿದಿರುವ ಹಲವು ರೂಢಿಗಳು ಬೇರೂರಿದ್ದು ಇಲ್ಲೇ. ಒಂದು ಹ್ಯಾಷ್ ಇದ್ದರೆ ಅದು ಯೋಜನೆಯ ಅಧಿಕೃತ ಚಾನೆಲ್. ಎರಡು ಹ್ಯಾಷ್ ಇದ್ದರೆ ಆ ವಿಷಯದ ಬಗ್ಗೆ ಆಸಕ್ತರು ತಾವಾಗಿ ತೆರೆದದ್ದು. ಆಪ್ ಅಧಿಕಾರವನ್ನು ಸದಾ ತಲೆಯ ಮೇಲೆ ಹೊತ್ತುಕೊಂಡಿರದೆ, ಬೇಕಾದಾಗ ಪಡೆದು ಕೆಲಸ ಮುಗಿದೊಡನೆ ಬಿಡಬೇಕೆಂಬ ಸಲಹೆಯೂ ಇತ್ತು. ಅಧಿಕಾರ ಕಣ್ಣಿಗೆ ಬೀಳುತ್ತಿದ್ದರೆ ಜಗಳ ಹೆಚ್ಚುತ್ತದೆ ಎಂಬ ಆ ಎಣಿಕೆ ಸುಳ್ಳಾಗಲಿಲ್ಲ. ಲೆವಿನ್ 2006ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಕಾರು ಬಡಿದು ತೀರಿಕೊಂಡರು. ಜಾಲ ಮಾತ್ರ ಬೆಳೆಯುತ್ತಲೇ ಹೋಗಿ 2013ರ ಹೊತ್ತಿಗೆ 90,000ಕ್ಕೂ ಹೆಚ್ಚು ಬಳಕೆದಾರರನ್ನೂ 40,000 ಚಾನೆಲ್‌ಗಳನ್ನೂ ಹೊಂದಿತ್ತು.

ಜನ ಹೆಚ್ಚಿದಂತೆ ಒಂದೇ ಚಾನೆಲ್ ಸಾಲದಾಯಿತು. ಬಳಕೆದಾರರ ಪ್ರಶ್ನೆಗಳ ನಡುವೆ ಕೋಡ್ ಬರೆಯುವವರ ಮಾತು ಕೇಳಿಸದೆ ‘ಡೆವ್’ ಚಾನೆಲ್ ಬೇರೆಯಾಯಿತು. ಕ್ರಿಕೆಟ್ಟು, ಸಿನಿಮಾ, ರಾಜಕೀಯಕ್ಕೆ ‘ಆಫ್‌ಟಾಪಿಕ್’ ಬಂತು. ಗೊತ್ತುಪಡಿಸಿದ ವೇಳೆಯ ಸಭೆಗಳಿಗೆ ‘ಮೀಟಿಂಗ್’ ಚಾನೆಲ್ ಬಂತು. ಚಾಟ್‌ನ ದೊಡ್ಡ ಕೊರತೆ ಎಂದರೆ ನಿದ್ದೆಯಲ್ಲಿದ್ದವರಿಗೆ ಅದು ದಕ್ಕುವುದಿಲ್ಲ. ಅಮೆರಿಕದ ಹಗಲಿನಲ್ಲಿ ಆದ ತೀರ್ಮಾನ ಭಾರತದವರಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಅಪಾಚೆ ಯೋಜನೆಗಳು ಇದೇ ಕಾರಣಕ್ಕೆ, ಮಾತು ಎಲ್ಲೇ ಆಗಲಿ, ತೀರ್ಮಾನ ಮಾತ್ರ ಇಮೇಲ್ ಬಳಗದಲ್ಲೇ ಆಗಬೇಕೆಂಬ ನಿಯಮ ಇಟ್ಟುಕೊಂಡವು. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯವರ ಮೀಟ್‌ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಂ ಇನ್ನೊಂದು ದಾರಿ ತೋರಿತು: ಸಭೆ ಶುರುವಾದಾಗ ಒಂದು ಆಜ್ಞೆ, ಯಾರಿಗಾದರೂ ಕೆಲಸ ವಹಿಸಿದಾಗ ಇನ್ನೊಂದು, ಮುಗಿದಾಗ ಮತ್ತೊಂದು; ನಡಾವಳಿ ತಾನೇ ಸಿದ್ಧವಾಗುತ್ತಿತ್ತು. ಪಶ್ಚಿಮ ಬಂಗಾಳದ ದುರ್ಗಾಪುರದ ಲಿನಕ್ಸ್ ಬಳಗ ಬೇಸಿಗೆ ತರಬೇತಿಯನ್ನೇ ಚಾನೆಲ್ಲಿನಲ್ಲಿ ನಡೆಸಿತು. ಅಲ್ಲಿ ಪ್ರಶ್ನೆ ಇದ್ದವರು ಒಂದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ, ಸರದಿ ಬರುವವರೆಗೆ ಕಾಯಬೇಕಿತ್ತು. ತರಗತಿಯಲ್ಲಿ ಕೈ ಎತ್ತುವುದಕ್ಕಿಂತ ಇದರಲ್ಲೇ ಶಿಸ್ತು ಜಾಸ್ತಿ.

ಒಡೆತನದ ಪ್ರಶ್ನೆಯನ್ನು ಬೇಗ ಅರಿತದ್ದು ಡೆಬಿಯನ್. ಅದು ತನ್ನ ಜನರಿಗೆ ಯಾವ ಜಾಲದ ಹೆಸರನ್ನೂ ಹೇಳದೆ, ತನ್ನದೇ ಡೊಮೈನ್‌ನ ವಿಳಾಸವೊಂದನ್ನು ಕೊಟ್ಟಿತ್ತು. 2006ರ ಜೂನ್‌ನಲ್ಲಿ ಫ್ರೀನೋಡ್ ಬಿಟ್ಟು ಓಎಫ್‌ಟಿಸಿ ಜಾಲಕ್ಕೆ ಹೋದಾಗ ಆ ವಿಳಾಸವನ್ನು ಹೊಸ ಸರ್ವರ್‌ಗಳತ್ತ ತಿರುಗಿಸಿದರೆ ಸಾಕಾಯಿತು.

ಉಳಿದವರಿಗೆ ಆ ಪಾಠ ದುಬಾರಿಯಾಯಿತು. ಫ್ರೀನೋಡ್‌ನ ಹೆಸರು, ಡೊಮೈನ್‌ಗಳು ಒಂದು ಖಾಸಗಿ ಕಂಪನಿಗೆ ಸೇರಿ, ಆ ಕಂಪನಿ ಆಂಡ್ರ್ಯೂ ಲೀ ಎಂಬ ಉದ್ಯಮಿಯ ಕೈಗೆ ಹೋಗಿತ್ತು. ಹಿಡಿತ ಯಾರದು ಎಂಬ ಜಗಳ ಮಾಗಿ 2021ರ ಮೇ 19ರಂದು ಸ್ವಯಂಸೇವಕ ಸಿಬ್ಬಂದಿ ಗುಂಪಾಗಿ ರಾಜೀನಾಮೆ ಕೊಟ್ಟು, ಸ್ವೀಡನ್ನಿನಲ್ಲಿ ಲಾಭರಹಿತ ಸಂಘವಾಗಿ ಲಿಬೆರಾ.ಚಾಟ್ ತೆರೆದರು. ಒಂದು ವಾರದಲ್ಲೇ, ಶೀರ್ಷಿಕೆ ಸಾಲಿನಲ್ಲಿ ಲಿಬೆರಾದ ಹೆಸರು ಬರೆದಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್ ಆಡಳಿತ ವಶಪಡಿಸಿಕೊಂಡಿತು. ‘ಹೋಗಬೇಕೋ ಬೇಡವೋ’ ಎಂದು ತೂಗುತ್ತಿದ್ದ ಯೋಜನೆಗಳು ಅಲ್ಲಿಗೆ ಗಂಟುಮೂಟೆ ಕಟ್ಟಿದವು. ಉಬುಂಟು, ಜೆಂಟೂ, ಫೆಡೋರ, ವಿಕಿಮೀಡಿಯ ಎಲ್ಲ ಲಿಬೆರಾ ಸೇರಿದವು. ಜೂನ್‌ನಲ್ಲಿ ಫ್ರೀನೋಡ್ ಹೊಸ ಸರ್ವರ್ ತಂತ್ರಾಂಶಕ್ಕೆ ಬದಲಾದಾಗ ಹಳೆಯ ನೋಂದಣಿಗಳೆಲ್ಲ ಅಳಿಸಿಹೋದವು. ಹೊಸ ಜಾಲ ಒಂದು ಹ್ಯಾಷ್, ಎರಡು ಹ್ಯಾಷ್‌ಗಳ ಹಳೆಯ ಕಟ್ಟಳೆಯನ್ನು ಹಾಗೇ ಉಳಿಸಿಕೊಂಡಿತು.

ಈ ಗದ್ದಲಕ್ಕೆ ಮೊದಲೇ ಕೆಲವರು ಐಆರ್‌ಸಿಯಿಂದಲೇ ದೂರ ಸರಿಯತೊಡಗಿದ್ದರು. ಹಳೆಯ ಮಾತು ನೋಡಲಾಗದ, ಮೊಬೈಲಿನಲ್ಲಿ ಸರಿಯಾಗಿ ನಿಲ್ಲದ ವ್ಯವಸ್ಥೆ ಹೊಸಬರಿಗೆ ಹಿಡಿಸುತ್ತಿರಲಿಲ್ಲ. ಕುಬರ್ನೆಟೀಸ್ ಯೋಜನೆ ಸ್ಲ್ಯಾಕ್ ಎಂಬ ಖಾಸಗಿ ಸೇವೆ ಹಿಡಿಯಿತು. 2019ರಲ್ಲಿ ಕೆಡಿಇ ಯೋಜನೆ ಮ್ಯಾಟ್ರಿಕ್ಸ್ ಎಂಬ ಮುಕ್ತ ವ್ಯವಸ್ಥೆಗೆ ಬಂತು; ಮೊಜಿಲ್ಲಾ 2020ರ ಮಾರ್ಚ್‌ನಲ್ಲಿ ತನ್ನ ಐಆರ್‌ಸಿ ಸರ್ವರ್ ಮುಚ್ಚಿ ಅಲ್ಲಿಗೇ ಹೋಯಿತು. ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಕೋಣೆಯ ವಿಳಾಸದ ತುದಿಗೆ ಸರ್ವರ್‌ನ ಹೆಸರು ಇದ್ದೇ ಇರುತ್ತದೆ. ಈ ಎರಡೂ ಯೋಜನೆಗಳು ಅಲ್ಲಿ ತಮ್ಮ ಸ್ವಂತ ಡೊಮೈನ್‌ಗಳನ್ನೇ ಇಟ್ಟುಕೊಂಡವು.