ಎರಡು ಗಣಕಗಳ ನಡುವೆ ಒಂದು ಕೇಬಲ್

ನಾನು ಕೆಲಸಕ್ಕೆ ಸೇರಿದ ಹೊಸದು. ಮಕ್ಕಳು ಶಾಲಾ ಪತ್ರಿಕೆಯನ್ನು ಕನ್ನಡದಲ್ಲಿ ಟೈಪ್ ಮಾಡಿ ಮುಗಿಸಿದ್ದರು. ಪ್ರಿಂಟರ್ ಇದ್ದದ್ದು ಪಕ್ಕದ ಗಣಕದಲ್ಲಿ. ಪೆನ್ ಡ್ರೈವ್ ಯಾರಲ್ಲೂ ಇಲ್ಲ. ಎರಡಕ್ಕೂ ನೇರವಾಗಿ ಕೇಬಲ್ ಸಿಕ್ಕಿಸಿದೆ. ದೀಪ ಉರಿಯಲಿಲ್ಲ. ಮಾರನೆಯ ದಿನ ವಾರ್ಷಿಕೋತ್ಸವ!

ಪೇಟೆಯ ಅಂಗಡಿಯವರು, "ಮಾಷ್ಟ್ರೇ, ಇದು ಸ್ಟ್ರೈಟ್ ಕೇಬಲ್. ನಿಮಗೆ ಬೇಕಾದ್ದು ಕ್ರಾಸ್ ಕೇಬಲ್" ಎಂದರು. ಈ ವ್ಯತ್ಯಾಸದ ಹಿಂದೆ ಒಂದು ಚರಿತ್ರೆಯೇ ಇದೆ.

1973ರಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದ ರಾಬರ್ಟ್ ಮೆಟ್‌ಕಾಫ್ ಈಥರ್ನೆಟ್ಟಿನ ಯೋಜನೆ ಬರೆದರು. ಆಗ ಒಂದೇ ಕೇಬಲಿನಲ್ಲಿ ಎಲ್ಲ ಗಣಕಗಳ ಮಾತು. 1990ರಲ್ಲಿ ಹೆಣೆದ ಜೋಡಿ ತಂತಿಗಳ 10ಬೇಸ್-ಟಿ ಮಾನಕ ಬಂತು. ಇದರಲ್ಲಿ ಗಣಕವು 1, 2ನೇ ತಂತಿಗಳಲ್ಲಿ ಹೇಳುತ್ತದೆ, 3, 6ರಲ್ಲಿ ಕೇಳುತ್ತದೆ. ಹಬ್ ಇದ್ದರೆ ಅದರೊಳಗೇ ಅದಲುಬದಲಾಗುತ್ತದೆ. ಹಬ್ ಇಲ್ಲದಿದ್ದರೆ ಒಬ್ಬರ ಬಾಯಿ ಇನ್ನೊಬ್ಬರ ಬಾಯಿಗೇ, ಕಿವಿ ಕಿವಿಗೇ! ಕ್ರಾಸ್ ಕೇಬಲಿನಲ್ಲಿ ಒಂದು ತುದಿಯ 1, 2 ಇನ್ನೊಂದು ತುದಿಯ 3, 6ಕ್ಕೆ ಹೋಗುತ್ತವೆ.

1990ರ ದಶಕದ ಕೊನೆಗೆ ಎಚ್‌ಪಿ ಕಂಪೆನಿಯ ಎಂಜಿನಿಯರುಗಳು ಇದಕ್ಕೆ ಪರಿಹಾರ ಕಂಡುಕೊಂಡರು: ಆಟೋ ಎಂಡಿಐಎಕ್ಸ್. ಬಾಗಿಲಲ್ಲಿ ಎದುರಾದ ಇಬ್ಬರೂ ಒಂದೇ ಬದಿಗೆ ಸರಿದರೆ ದಾರಿ ಬಿಡುವುದಿಲ್ಲ. ಅದಕ್ಕಾಗಿ ಪ್ರತಿ ಯಂತ್ರವೂ ಲೆಕ್ಕವಿಲ್ಲದ ಹೊತ್ತಿನಲ್ಲಿ ಬದಿ ಬದಲಿಸುತ್ತಾ ದೀಪ ಉರಿಯುವವರೆಗೆ ಪ್ರಯತ್ನಿಸುತ್ತದೆ. ಹಾಗಾಗಿ ಇಂದಿನ ಗಿಗಾಬಿಟ್ ಸರ್ವರುಗಳನ್ನು ಜೋಡಿಸಲು ಸಾಮಾನ್ಯವಾಗಿ ಯಾವ ಕೇಬಲಾದರೂ ಆದೀತು.

ಕ್ರಾಸ್ ಕೇಬಲ್ ಹಾಕಿದೆ. ದೀಪ ಉರಿಯಿತು, ಮಾತು ಮಾತ್ರ ಇಲ್ಲ! ವಿಳಾಸ ನೋಡಿದರೆ 169.254 ಎಂದು ಶುರು. ವಿಳಾಸ ಹಂಚುವವರು ಯಾರೂ ಇಲ್ಲದಾಗ ಗಣಕ ತಾನೇ ಇಟ್ಟುಕೊಳ್ಳುವ ವಿಳಾಸವದು. ಇನ್ನೊಂದರ ವಿಳಾಸ ಬೇರೆ ಸಾಲಿನದು. ಒಂದಕ್ಕೆ 192.168.1.1, ಇನ್ನೊಂದಕ್ಕೆ 192.168.1.2, ಎರಡಕ್ಕೂ ಮಾಸ್ಕ್ 255.255.255.0 ಕೊಟ್ಟು ಪಿಂಗ್ ಮಾಡಿದೆ. ಉತ್ತರ ಬಂತು!

ಈ ಪಿಂಗ್ ಹುಟ್ಟಿದ್ದೂ ಇಂಥದೇ ಸಂಕಟದಲ್ಲಿ. 1983ರ ಡಿಸೆಂಬರಿನಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಅಮೆರಿಕದ ಮೈಕ್ ಮೂಸ್ ಬರೆದದ್ದು. ಸೋನಾರ್ ಸದ್ದಿನಿಂದ ಹೆಸರಿಟ್ಟರು.

ಮರುದಿನ ಪತ್ರಿಕೆ ಮಕ್ಕಳ ಕೈಯಲ್ಲಿತ್ತು. ನಾನು ಕಲಿತದ್ದಿಷ್ಟು: ಮೊದಲು ದೀಪ, ಆಮೇಲೆ ವಿಳಾಸ, ಆಮೇಲೆ ಪಿಂಗ್. ಪಿಂಗಿಗೂ ಉತ್ತರವಿಲ್ಲವೇ? ಫೈರ್‌ವಾಲ್ ನೋಡಿ. ಕೆಳಗಿನ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಹಾರಬೇಡಿ. ಮಕ್ಕಳಿಗೆ ಗಣಿತ ಹೇಳಿಕೊಡುವಾಗಲೂ ನಾವು ಹೇಳುವುದು ಅದನ್ನೇ ತಾನೇ?