ಬಾಣೆ, ಕೊಟ್ಟಿಗೆ, ಕೌದಿ: ಪಶ್ಚಿಮ ಘಟ್ಟದ ದನ ಸಾಕುವ ಮನೆಗಳಲ್ಲಿ ಹೊಲಿಗೆಯ ಅರ್ಥವ್ಯವಸ್ಥೆ

ಪೀಠಿಕೆ

ಕೊಡಗಿನ ಕೃಷಿಚರಿತ್ರೆ ಬಾಣೆಯನ್ನು ಬಿಟ್ಟು ಪೂರ್ಣವಾಗದು. ಗದ್ದೆಗೆ ಹೊಂದಿಕೊಂಡ ಕಾಡುಭೂಮಿಯಾದ ಬಾಣೆ ದನಗಳಿಗೆ ಮೇವು, ಒಲೆಗೆ ಸೌದೆ, ಕೊಟ್ಟಿಗೆಗೆ ಸೊಪ್ಪು ಒದಗಿಸುತ್ತಿತ್ತು. ಈ ಸಂಬಂಧವನ್ನು 1899ರ ಕೊಡಗು ಭೂಮಿ ಮತ್ತು ಕಂದಾಯ ನಿಯಮಾವಳಿ ಕಾನೂನಿನ ಮಾತಿನಲ್ಲೇ ದಾಖಲಿಸಿದೆ. ಅದೇ ಮನೆಯೊಳಗೆ ಹೆಂಗಸರ ಕೈಯಲ್ಲಿ ಇನ್ನೊಂದು ಸುತ್ತು ನಡೆಯುವುದುಂಟು. ಉಟ್ಟು ಸವೆದ ಸೀರೆ, ಹರಿದ ಅಂಗಿ, ಮಕ್ಕಳಿಗೆ ಗಿಡ್ಡವಾದ ಲಂಗ ಒಂದರ ಮೇಲೊಂದು ಕೂಡಿ ಕೌದಿಯಾಗಿ, ಅಂದರೆ ಹಾಸಿಗೆಯಾಗಿ, ಹೊದಿಕೆಯಾಗಿ ಮನೆಯವರಿಗೇ ಮರಳುತ್ತವೆ. ಈ ಸುತ್ತಿಗೆ ಯಾವ ಕಂದಾಯ ದಾಖಲೆಯೂ ಇಲ್ಲ.

ದನ ಸಾಕಿಕೊಂಡು ಬದುಕುವ ಮನೆಗಳಲ್ಲಿ ಕುಟುಂಬಕ್ಕಾಗಿ ಕೌದಿ ಹೊಲಿಯುವ ಕೆಲಸವನ್ನು ಬಿಡುವಿನ ವೇಳೆಯ ಕುಶಲಕಲೆಯೆಂದು ಬದಿಗಿಡದೆ, ಕೊಟ್ಟಿಗೆಯ ಗೊಬ್ಬರದಷ್ಟೇ ಗಂಭೀರವಾದ ಆರ್ಥಿಕ ಕ್ರಿಯೆಯಾಗಿ ಓದಬೇಕು ಎಂಬುದು ಈ ಲೇಖನದ ವಾದ. ಕರ್ನಾಟಕದಲ್ಲಿ ಈ ಕೆಲಸ ಹೆಚ್ಚು ವಿವರವಾಗಿ ದಾಖಲಾಗಿರುವುದು ಉತ್ತರ ಕನ್ನಡದ ಸಿದ್ದಿ ಮಹಿಳೆಯರಲ್ಲಿ. ಆದ್ದರಿಂದ ಕೊಡಗಿನ ಬಾಣೆಯಿಂದ ಹೊರಟು, ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನ ಮನೆಗಳಿಗೆ ಹೋಗಿ, ಅಲ್ಲಿ ಸಿಕ್ಕ ಪ್ರಶ್ನೆಗಳನ್ನು ಹಿಡಿದು ಮತ್ತೆ ಕೊಡಗನ್ನು ನೋಡುವ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ.

ಬಾಣೆ ಮತ್ತು ಸೊಪ್ಪಿನ ಬೆಟ್ಟ

ಬಾಣೆಯನ್ನು ವರ್ಗದ, ಅಂದರೆ ಹಿಡುವಳಿಯ, ಗದ್ದೆಯ ಸೇವೆಗೆಂದು ಕಂದಾಯವಿಲ್ಲದೆ ಬಿಟ್ಟುಕೊಡಲಾಗಿತ್ತು. ದನಗಳು ಹಗಲಲ್ಲಿ ಬಾಣೆಯಲ್ಲಿ ಮೇಯುತ್ತವೆ, ಇರುಳಲ್ಲಿ ಕೊಟ್ಟಿಗೆಯ ಸೊಪ್ಪಿನ ಮೇಲೆ ಮಲಗುತ್ತವೆ. ಸೊಪ್ಪು, ಸಗಣಿ, ಗಂಜಲ ಬೆರೆತು ಗೊಬ್ಬರವಾಗುತ್ತದೆ, ಗೊಬ್ಬರ ಗದ್ದೆಗೆ ಹೋಗುತ್ತದೆ, ಗದ್ದೆಯ ಹುಲ್ಲು ಮತ್ತೆ ದನದ ಬಾಯಿಗೆ ಬರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಂಥ ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುವ ನಾಡಿನಲ್ಲಿ ಈ ಸುತ್ತು ನಿಂತರೆ ಬತ್ತದ ಬೆಳೆಯೂ ಸೊರಗುತ್ತದೆ. ಮಲೆನಾಡು ಗಿಡ್ಡ ತಳಿಯ ಚಿಕ್ಕ ಮೈಕಟ್ಟಿನ ದನಗಳು ಈ ಮಳೆಗೂ ಕಡಿಮೆ ಮೇವಿಗೂ ಹೊಂದಿಕೊಂಡವು. ಅವುಗಳನ್ನು ಹಾಲಿಗೆಂದು ಎಷ್ಟು ಸಾಕಿದರೋ ಗೊಬ್ಬರಕ್ಕೆಂದೂ ಅಷ್ಟೇ ಸಾಕಿದರು. ಕೈಲ್ ಮುಹೂರ್ತದ ಹಬ್ಬ ನಾಟಿ ಮುಗಿದ ಮೇಲೆ ಬರುತ್ತದೆ. ಕೋವಿ, ಕತ್ತಿಗಳ ಪೂಜೆಯ ಜೊತೆಗೆ ಉತ್ತು ದಣಿದ ಎತ್ತುಗಳಿಗೆ ವಿರಾಮ ಕೊಡುವ ಹಬ್ಬವೂ ಅದೇ ಆಗಿರುವುದು, ದನ ಈ ಬದುಕಿನಲ್ಲಿ ಎಲ್ಲಿ ನಿಂತಿತ್ತು ಎಂಬುದನ್ನು ತೋರಿಸುತ್ತದೆ.

ಉತ್ತರ ಕನ್ನಡದ ಘಟ್ಟದ ಮೇಲೆ ಬಾಣೆಯನ್ನೇ ಹೋಲುವ ಸೊಪ್ಪಿನ ಬೆಟ್ಟವಿದೆ. ಅಲ್ಲಿ ಗದ್ದೆಯ ಜಾಗದಲ್ಲಿ ಅಡಿಕೆ ತೋಟವಿರುತ್ತದೆ. ಬೆಟ್ಟದ ಸೊಪ್ಪು ಕೊಟ್ಟಿಗೆಯ ಮೂಲಕವೇ ತೋಟಕ್ಕೆ ಇಳಿಯುತ್ತದೆ. ಎರಡೂ ಕಡೆ ಕಾಡಂಚು, ಕೊಟ್ಟಿಗೆ, ಬೆಳೆ ಒಂದೇ ಸರಪಳಿಯ ಕೊಂಡಿಗಳು. ಈ ಸರಪಳಿಯಲ್ಲಿ ದುಡಿದವರ ಸ್ಥಾನಮಾನವೂ ಎರಡೂ ಕಡೆ ಹೋಲುತ್ತದೆ. ಕೊಡಗಿನ ದೊಡ್ಡ ಒಕ್ಕಗಳ (ಕೊಡವ ಮನೆತನಗಳ) ಗದ್ದೆಗಳಲ್ಲಿ ಯರವ ಬುಡಕಟ್ಟಿನವರು ತಲೆಮಾರುಗಳ ಕಾಲ ಜೀತಕ್ಕಿದ್ದರು. ಉತ್ತರ ಕನ್ನಡದ ತೋಟ, ಗದ್ದೆಗಳಲ್ಲಿ ಸಿದ್ದಿಯರು ಕೂಲಿಗೆ ದುಡಿದರು. ಆದ್ದರಿಂದ ಕೌದಿಯ ಬಟ್ಟೆ ಎಲ್ಲಿಂದ ಬಂತು ಎಂದು ಕೇಳುವಾಗ ಕೂಲಿಯ ಪ್ರಶ್ನೆಯನ್ನೂ ಕೇಳಲೇಬೇಕಾಗುತ್ತದೆ.

ಕಂಬಳಿಗೆ ಹೊರಗು, ಕೌದಿಗೆ ಒಳಗು

ಮಳೆನಾಡಿನ ದನಗಾಹಿ ಕಂಬಳಿಕೊಪ್ಪೆ ಹಾಕಿಕೊಂಡು ಹೊರಗೆ ಹೋಗುತ್ತಾನೆ. ಉಣ್ಣೆಯಲ್ಲಿ ಸಹಜವಾದ ಜಿಡ್ಡಿದೆ, ಸಣ್ಣ ಮಳೆ ಅದರ ಮೇಲೆ ಜಾರಿ ಹೋಗುತ್ತದೆ, ನೆನೆದರೂ ಮೈ ಬೆಚ್ಚಗಿರುತ್ತದೆ. ಹತ್ತಿ ಬಟ್ಟೆಯ ಸ್ವಭಾವ ಬೇರೆ. ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಅದು ಬೆಚ್ಚಗಿಡುತ್ತದೆ. ಆದರೆ ನೀರು ಕುಡಿಯಿತೆಂದರೆ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ. ಹೀಗಾಗಿ ಕಂಬಳಿ ಹೊರಗಿನ ಬದುಕಿಗೆ ಒದಗಿದರೆ ಕೌದಿ ಒಲೆಯ ಸುತ್ತಲಿನ ಒಳಮನೆಗೆ ಒದಗುತ್ತದೆ. ಕಂಬಳಿಗೆ ಕುರಿ ಬೇಕು, ಮಗ್ಗ ಬೇಕು. ದನ ಸಾಕುವ ಮಳೆನಾಡಿನ ಮನೆಯಲ್ಲಿ ಇವೆರಡೂ ಇರುವುದಿಲ್ಲವಾದ್ದರಿಂದ ಅದನ್ನು ಬಯಲುಸೀಮೆಯ ಕುರುಬರಿಂದಲೋ ಸಂತೆಯಿಂದಲೋ ಕೊಳ್ಳಬೇಕಿತ್ತು. ಕೌದಿಗೆ ಸೂಜಿ, ದಾರ, ಹಳೆ ಬಟ್ಟೆ ಸಾಕು. ಕಾಸಿನ ಓಡಾಟ ಕಡಿಮೆಯಿರುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಹೊಲಿಗೆಯ ಕಾಲವೂ ದನ ಮತ್ತು ಮಳೆಗೆ ಬದ್ಧವಾಗಿದೆ. ಬಟ್ಟೆ ಒಗೆದು ಒಣಗಿಸಲು ಬಿಸಿಲು ಬೇಕು, ಹರವಿಕೊಂಡು ಕೂರಲು ಒಣ ಅಂಗಳ ಬೇಕು. ಕೊಯ್ಲು ಮುಗಿದು ಮಳೆ ಹಿಡಿಯುವವರೆಗಿನ ತಿಂಗಳುಗಳೇ ಇದಕ್ಕೆ ತಕ್ಕವು. ಆ ದಿನಗಳಲ್ಲೂ ಬೆಳಗಿನ ಮತ್ತು ಸಂಜೆಯ ಹಾಲು ಕರೆಯುವ ಹೊತ್ತು, ಸಗಣಿ ಬಾಚುವ ಹೊತ್ತು ತಪ್ಪುವುದಿಲ್ಲ. ಈ ಕೆಲಸಗಳ ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ, ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದಾದ ಕೆಲಸ ಕೌದಿ. ಸಾಲುಹೊಲಿಗೆಯ ಸರಳತೆಯನ್ನು ತಂತ್ರದ ಬಡತನವೆಂದು ತಿಳಿಯುವುದು ಸರಿಯಲ್ಲ. ಚೂರುಚೂರಾದ ಬಿಡುವಿಗೆ ಹೆಂಗಸರು ಕಂಡುಕೊಂಡ ತಕ್ಕ ಉತ್ತರ ಅದು.

ಸಿದ್ದಿ ಮಹಿಳೆಯರ ಕೌದಿ

ಗೋವೆಯ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದ ಆಫ್ರಿಕಾ ಮೂಲದವರ ವಂಶಸ್ಥರು ಕರ್ನಾಟಕದ ಸಿದ್ದಿಯರು. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಧರ್ಮಗಳನ್ನು ಅನುಸರಿಸುವವರಿದ್ದಾರೆ. ಮನೆಮಾತು ಬಹುಪಾಲು ಕೊಂಕಣಿ, ಊರಿನ ವ್ಯವಹಾರಕ್ಕೆ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇವರ ಕೌದಿಗಳನ್ನು, ಅವರದೇ ಮಾತಿನಲ್ಲಿ ಕವಂದಿಗಳನ್ನು, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂಯಲ್ ವಿಸ್ತಾರವಾಗಿ ಅಧ್ಯಯನ ಮಾಡಿದರು.

ರಚನೆಯ ಕ್ರಮ ಗಮನಾರ್ಹ. ತಳಕ್ಕೆ ಹಳೆಯ ಸೀರೆಯನ್ನು ಹರಡುತ್ತಾರೆ. ತುಂಡುಗಳನ್ನೆಲ್ಲ ಮೊದಲೇ ಜೋಡಿಸಿಟ್ಟು ಆಮೇಲೆ ಹೊಲಿಯುವ ಪದ್ಧತಿ ಇಲ್ಲಿಲ್ಲ. ಒಂದು ಮೂಲೆಯಲ್ಲಿ ತುಂಡನ್ನಿಟ್ಟು, ಅಂಚನ್ನು ಒಳಗೆ ಮಡಚಿ, ಸಾಲುಹೊಲಿಗೆ ಹಾಕುತ್ತ ಅಂಚಿನ ಗುಂಟ ಸಾಗುತ್ತಾರೆ. ಒಂದು ಸುತ್ತು ಮುಗಿದಾಗ ಅದರ ಒಳಗಿನ ಸುತ್ತು ಆರಂಭವಾಗುತ್ತದೆ. ಹೀಗೆ ಹೊರಗಿನಿಂದ ನಡುವಿಗೆ ಬರುತ್ತಾರೆ. ನಡುವೆ ಅರಳೆ ತುಂಬುವುದಿಲ್ಲ, ತುಂಡಿನ ಮೇಲೆ ತುಂಡು ಕೂತು ದಪ್ಪವಾಗುತ್ತದೆ. ಮುಂದಿನ ತುಂಡು ಯಾವುದೆಂಬ ತೀರ್ಮಾನ ಆ ಕ್ಷಣದಲ್ಲಿ ಕೈಗೆ ಸಿಕ್ಕ ಬಟ್ಟೆ ಮತ್ತು ಪಕ್ಕದ ಬಣ್ಣ ನೋಡಿ ಆಗುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಚಿದ ತ್ರಿಕೋನದ ಸಣ್ಣ ತುಂಡುಗಳನ್ನು ಸೇರಿಸುತ್ತಾರೆ. ಅವು ಹೂವುಗಳು. ಅವಿಲ್ಲದ ಕೌದಿ ಮುಗಿದ ಕೌದಿಯೆನಿಸದು. ಕೆಲವು ಕೌದಿಗಳಲ್ಲಿ ಶಿಲುಬೆಯೋ ಅರ್ಧಚಂದ್ರವೋ ಮೂಡಿ ಮನೆಯ ನಂಬಿಕೆಯನ್ನೂ ಹೇಳುತ್ತದೆ.

ಅಳತೆಯನ್ನು ನಿರ್ಧರಿಸುವುದು ಹೊದೆಯುವ ಮೈ. ಕೂಸಿನ ಕೌದಿ ಚಿಕ್ಕದು, ಅದರಲ್ಲಿ ಗಾಢ ಬಣ್ಣದ ಪುಟ್ಟ ತುಂಡುಗಳು ಹೆಚ್ಚು. ಗಂಡಹೆಂಡಿರಿಗೆ, ಒಟ್ಟಿಗೆ ಮಲಗುವ ಮಕ್ಕಳಿಗೆ ದೊಡ್ಡವು ಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿಯೂ ಇಂಥದೇ ಕ್ರಮವಿದೆ. ಅಲ್ಲಿ ಹುಟ್ಟಿದ ಕೂಸಿಗೆ ಮೆತ್ತನೆಯ ಹಳೆ ಬಟ್ಟೆಯ ಚಿಕ್ಕ ಕೌದಿಯನ್ನೂ ತಲೆಯನ್ನೂ ಬೆನ್ನನ್ನೂ ಮುಚ್ಚುವ ಕುಂಚಿಗೆಯನ್ನೂ ಹೊಲಿದಿಡುತ್ತಾರೆ. ಮಹಾನವಮಿಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಹೊತ್ತು ಒಗೆಯುತ್ತಾರೆ. ಕೂಸಿಗೆ ಹೊಸ ಬಟ್ಟೆಗಿಂತ ಅಜ್ಜಿಯ ಸವೆದ ಸೀರೆಯೇ ಒಳ್ಳೆಯದೆಂಬ ತಿಳಿವಳಿಕೆಯಲ್ಲಿ ವಾತ್ಸಲ್ಯವೂ ಇದೆ, ಬಟ್ಟೆಯ ಗುಣವನ್ನು ಬಲ್ಲ ಅನುಭವವೂ ಇದೆ. ನೂರಾರು ಸಲ ಒಗೆಸಿಕೊಂಡ ನೂಲು ಎಳೆ ಚರ್ಮಕ್ಕೆ ಒರಟಾಗದು.

ಹಾಲಿನ ಕಾಸು, ಬಟ್ಟೆಯ ಬದಲಾವಣೆ

ಪಶ್ಚಿಮ ಘಟ್ಟದ ಗೌಳಿ ಧನಗರರನ್ನು ಕುರಿತು ಮಾಧವ ಗಾಡ್ಗೀಳ್ ಮತ್ತು ಕೈಲಾಸ ಮಲ್ಹೋತ್ರಾ 1982ರಲ್ಲಿ ಪ್ರಕಟಿಸಿದ ಅಧ್ಯಯನ, ಹಾಲು ಕಾಸಾದ ಬಗೆಯನ್ನು ತಿಳಿಯಲು ನೆರವಿಗೆ ಬರುತ್ತದೆ. ಎಮ್ಮೆಗಳನ್ನು ಸಾಕಿಕೊಂಡು ಹೆಚ್ಚು ಮಳೆಯ ಬೆಟ್ಟಗಳಲ್ಲಿ ಚಿಕ್ಕ ಚಿಕ್ಕ ಗುಂಪುಗಳಾಗಿ ನೆಲೆಸಿದ್ದ ಈ ಜನ ಬೆಣ್ಣೆ ಕೊಟ್ಟು ಕಾಳು ಪಡೆಯುತ್ತಿದ್ದರು. ಹಾಲು ಕೆಡುತ್ತದೆ, ಬೆಣ್ಣೆ ತಡೆಯುತ್ತದೆ ಎಂಬುದೇ ಇದಕ್ಕೆ ಕಾರಣ. ರಸ್ತೆ ಬಂದು ಡೇರಿ ಬಂದ ಮೇಲೆ ಹಾಲೇ ನೇರವಾಗಿ ಕಾಸಾಗುತ್ತದೆ.

ಕೊಡಗು ಈ ಬದಲಾವಣೆಯನ್ನು ಬಹಳ ಬೇಗ ಕಂಡ ನಾಡು. ಈಗಿನ ಕರ್ನಾಟಕದ ಮೊದಲ ಡೇರಿ ಆರಂಭವಾದದ್ದು 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ. ಆಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತು, ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಡೇರಿಗಿಂತ ಬಹಳ ಮೊದಲೇ ಕಾಫಿಯೂ ಬಂದಿತ್ತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬಾತ ಯುರೋಪಿಯನ್ ಕಾಫಿ ತೋಟ ತೆರೆದ ಮೇಲೆ ಕಾಫಿ ಹಬ್ಬುತ್ತ ಹೋಗಿ ಬಾಣೆಗಳ ನೆರಳನ್ನೂ ಆವರಿಸಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಇಂದು ಕೊಡಗಿನದು. ಮೇಯಲು ಜಾಗ ಕುಗ್ಗಿತು, ದನ ಕಡಿಮೆಯಾಯಿತು, ಗೊಬ್ಬರ ಅಂಗಡಿಯ ಚೀಲದಲ್ಲಿ ಬರತೊಡಗಿತು.

ಬಟ್ಟೆಯ ಸುತ್ತಿಗೂ ಇಂಥದೇ ಒತ್ತಡ ಬಂದಿದೆ. ಕಾಸು ಬಂದ ಮನೆಗೆ ಸೊಲ್ಲಾಪುರದ ಚಾದರ, ಗಿರಣಿಯ ರಗ್ಗು ಬರುತ್ತವೆ. ಸೀರೆಗಳು ಹತ್ತಿಯಿಂದ ಪಾಲಿಯೆಸ್ಟರಿಗೆ ತಿರುಗಿವೆ. ಪಾಲಿಯೆಸ್ಟರ್ ಬೇಗ ಸವೆಯದು, ಸವೆದರೂ ಹತ್ತಿಯಂತೆ ಮೆತ್ತಗಾಗದು, ಬೆವರು ಹೀರದು. ಮರಳಿ ಬಳಸಲು ತಕ್ಕ ವಸ್ತುವೇ ಮನೆಯಲ್ಲಿ ಇಲ್ಲವಾದರೆ ಕೌದಿಯ ವಿದ್ಯೆ ಕೈಯಲ್ಲಿದ್ದೂ ನಿಂತುಹೋಗುತ್ತದೆ. ಹೆಂಗಸರ ಆಸಕ್ತಿ ಕುಂದಿತೆಂದು ಸುಲಭವಾಗಿ ಹೇಳುವವರು ಈ ಕಾರಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಣುವುದು ಯಾವಾಗ?

ಬಾಣೆಯ ಸುತ್ತು ದಾಖಲಾದದ್ದು ಅದರ ಮೇಲೆ ಕಂದಾಯದ ಕಣ್ಣಿದ್ದುದರಿಂದ. ಸಿದ್ದಿಯರ ಕೌದಿ ಹೊರಲೋಕಕ್ಕೆ ಕಂಡದ್ದು ಅದು ಮಾರಾಟಕ್ಕೂ ಪ್ರದರ್ಶನಕ್ಕೂ ಹೋದ ಮೇಲೆ. 2004ರಲ್ಲಿ ಡ್ರೂಯಲ್ ಅವರ ಒತ್ತಾಸೆಯಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘಟನೆ ರೂಪುಗೊಂಡಿತು. ಅದರಿಂದ ಹೊಲಿದವರಿಗೆ ದುಡಿಮೆಯ ಬೆಲೆ ಸಿಕ್ಕಿತು, ಗೌರವ ಸಿಕ್ಕಿತು, ಇದನ್ನು ಕಡೆಗಣಿಸುವಂತಿಲ್ಲ. ಆದರೆ ಮಾರಾಟಕ್ಕೆ ಹೊಲಿದ ಕೌದಿಯಲ್ಲಿ ಹೊದೆಯುವವರು ಯಾರೆಂದು ಹೊಲಿಯುವವಳಿಗೆ ಗೊತ್ತಿರುವುದಿಲ್ಲ, ತುಂಡುಗಳು ಯಾರ ಮೈಮೇಲಿದ್ದವೆಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಕುಟುಂಬದ ಕೌದಿಯಲ್ಲಿ ಇವೆರಡೂ ಎಲ್ಲರಿಗೂ ತಿಳಿದಿರುತ್ತವೆ. ಆ ತಿಳಿವಳಿಕೆಯೇ ಅದರ ಮೌಲ್ಯದ ದೊಡ್ಡ ಪಾಲು. ಕೇವಲ ಮಾರುಕಟ್ಟೆಯ ಕಣ್ಣಿನಿಂದ ಕೌದಿಯನ್ನು ಅಧ್ಯಯನ ಮಾಡಿದರೆ ಈ ಪಾಲು ಕೈತಪ್ಪುತ್ತದೆ.

ಉಪಸಂಹಾರ

ಕೊಡಗಿನ ವಸ್ತ್ರಪರಂಪರೆಯ ಮಾತು ಬಂದಾಗ ಗಂಡಸರ ಕುಪ್ಯ (ನಿಲುವಂಗಿ), ಚೇಲೆ (ನಡುಪಟ್ಟಿ), ಹಿಂಬದಿಗೆ ನೆರಿಗೆ ಬರುವ ಸೀರೆ ಮೊದಲು ನೆನಪಾಗುತ್ತವೆ. ಇವು ಹಬ್ಬದ, ಮದುವೆಯ, ಜನರೆದುರಿನ ಉಡುಗೆಗಳು. ಇರುಳಿನ ಹೊದಿಕೆಗೂ ಇಷ್ಟೇ ಗಮನ ಸಲ್ಲಬೇಕು. ಒಕ್ಕದ ಹಿರಿಮನೆಯಾದ ಐನ್‌ಮನೆಯಲ್ಲಿ, ತೋಟದ ಲೈನ್‌ಮನೆಯಲ್ಲಿ, ಯರವರ ಮತ್ತು ಕಾಡಿನ ಕುರುಬರ ಹಾಡಿಯಲ್ಲಿ, ಸೋಮವಾರಪೇಟೆ ಕಡೆಯ ಕನ್ನಡ ಮಾತಾಡುವ ರೈತರ ಮನೆಯಲ್ಲಿ ಮಲಗಿದವರು ಏನನ್ನು ಹಾಸಿ ಏನನ್ನು ಹೊದ್ದರು ಎಂದು ಕೇಳುವ ಕ್ಷೇತ್ರಕಾರ್ಯ ನಡೆಯಬೇಕು. ಬಟ್ಟೆ ಯಾರದಾಗಿತ್ತು, ಹೊಲಿಯುವ ಹೊತ್ತು ಯಾವ ಕೆಲಸದಿಂದ ಉಳಿದದ್ದು, ಹೊದೆಯುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಹೊದಿಕೆಗೂ ಕೇಳಿದರೆ ಆ ಮನೆಯ ಕೂಲಿ, ಹಾಲಿನ ಕಾಸು, ಮದುವೆ, ಹೆರಿಗೆ, ಸಾವುಗಳ ಇತಿಹಾಸ ಹೊರಬರುತ್ತದೆ. ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು ಮನೆಬಳಕೆಯ ಒಂದೊಂದು ಹೊದಿಕೆಯನ್ನಾದರೂ ಹೊಲಿದವಳ ಮಾತಿನ ಸಮೇತ ಸಂಗ್ರಹಿಸಬೇಕು. ಬಟ್ಟೆಯಷ್ಟನ್ನೇ ತಂದು ಗಾಜಿನೊಳಗೆ ಇಟ್ಟರೆ ಈ ಪ್ರಶ್ನೆಗಳಿಗೆ ಉತ್ತರ ಸಿಗದು. ಬಾಣೆಯ ಬಗ್ಗೆ ಕಾನೂನು ಬರೆದಿಟ್ಟದ್ದನ್ನು ಇಂದಿಗೂ ಓದಬಹುದು. ಕೌದಿಯ ಲೆಕ್ಕ ಹೊಲಿದವರ ನೆನಪಿನಲ್ಲಷ್ಟೇ ಇದೆ. ಅವರು ನಮ್ಮೊಡನಿರುವಾಗಲೇ ಅದನ್ನು ಕೇಳಿ ಬರೆದಿಡುವುದು ಕನ್ನಡದ ಸಂಶೋಧಕರ ಮುಂದಿರುವ ತುರ್ತು ಕೆಲಸ.