ಭೀಮಗಡಕ್ಕಾಗಿ ಬರೆದ ಕಾರ್ಡುಗಳು

ಖಾನಾಪುರ ತಾಲ್ಲೂಕಿನ ನಕಾಶೆಯನ್ನು ಕರಿಹಲಗೆಯ ಮೇಲೆ ಬರೆಯುವಾಗ ನಾನು ಮೊದಲು ಎರಡು ಚುಕ್ಕೆ ಇಡುತ್ತಿದ್ದೆ. ಒಂದು ಕಣಕುಂಬಿ, ಇನ್ನೊಂದು ದೇಗಾಂವ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ಹೊರಟು, ನವಿಲುತೀರ್ಥದ ಅಣೆಕಟ್ಟೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯ ಕೈಹಿಡಿಯುತ್ತಾಳೆ. ದೇಗಾಂವದ ಮಹದಾಯಿ ಪಶ್ಚಿಮಕ್ಕಿಳಿದು ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಸಮುದ್ರ ಸೇರುತ್ತಾಳೆ. ಈ ಹೊಳೆಗಳ ತವರೇ ಭೀಮಗಡದ ಸೀಮೆಯ ಗುಡ್ಡಗಾಡು. ಬೆಳಗಾವಿಯ ಮಕ್ಕಳಿಗೆ ಯಳ್ಳೂರಿನ ರಾಜಹಂಸಗಡ ಗೊತ್ತಿತ್ತು, ಭೀಮಗಡ ಗೊತ್ತಿರಲಿಲ್ಲ. ದೊಡ್ಡವರಿಗಾದರೂ ಎಷ್ಟು ಗೊತ್ತಿತ್ತು?

ಗೋವಾದ ಪೋರ್ತುಗೀಸರ ಮೇಲೆ ಕಣ್ಣಿಡಲು ಶಿವಾಜಿ ಮಹಾರಾಜರು ಕಟ್ಟಿಸಿದ್ದೆಂದು ಹೇಳುವ ಕೋಟೆ ಅಲ್ಲಿದೆ. ಕಡಿದಾದ ಬಂಡೆಯೇ ಅದಕ್ಕೆ ಅರ್ಧ ಗೋಡೆ. ಆದರೆ ಜಗತ್ತಿನ ಜೀವಶಾಸ್ತ್ರಜ್ಞರಿಗೆ ಈ ಸೀಮೆಯ ಹೆಸರು ತಿಳಿದದ್ದು ಕೋಟೆಯಿಂದಲ್ಲ, ತಳೇವಾಡಿ ಹತ್ತಿರದ ಬಾರಾಪೇಡೆ ಗವಿಯಿಂದ. ಬಾಲ ಹೊರಚಾಚಿರುವ, ಅಗಲ ಕಿವಿಯ ಒಂದು ಬಾವಲಿ ಆ ಗವಿಯಲ್ಲಿ ಸಿಕ್ಕಿತು. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ಹೊಸ ಜಾತಿಯೆಂದು ವಿವರಿಸಿ, ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರಿಟ್ಟರು. ಆಮೇಲೆ ಎಂಟು ದಶಕಕ್ಕೂ ಹೆಚ್ಚು ಕಾಲ ಅದು ಈ ಗವಿಯ ಹೊರತು ಭೂಮಿಯ ಮೇಲೆ ಬೇರೆಲ್ಲೂ ಕಂಡಿರಲಿಲ್ಲ. ಕಾಂಬೋಡಿಯಾದಲ್ಲಿ, ಮೇಘಾಲಯದಲ್ಲಿ ಪತ್ತೆಯಾದದ್ದು ಈಚೆಗೆ, ಈ ಶತಮಾನ ಆರಂಭವಾಗುವ ಹೊತ್ತಿಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹುಲಿಯ ಜೊತೆ ಈ ಬಾವಲಿಗೂ ಜಾಗ ಸಿಕ್ಕಿತು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಕಣ್ಣರಳಿಸುತ್ತಿದ್ದರು. ನಮ್ಮ ಜಿಲ್ಲೆಯದೇ? ಹೌದು, ನಮ್ಮ ಜಿಲ್ಲೆಯದೇ.

ಆದರೆ ಈ ಕಾಡಿಗೆ ಜನ ಕಟ್ಟಿದ ಬೆಲೆ ಬೇರೆಯೇ. 1880ರ ದಶಕದಲ್ಲಿ ಲೋಂಡಾದ ಮೇಲೆ ಗೋವಾದ ಕಡೆಗೆ ರೈಲು ಹಾದುಹೋಯಿತು. ಖಾನಾಪುರದ ಹಂಚು, ಮಡಕೆಗಳು ಹೆಸರಾದವು, ಭಟ್ಟಿಗಳಿಗೆ ಕಟ್ಟಿಗೆ ಬೇಕಾಯಿತು. ಕಾಡೆಂದರೆ ಕಡಿಯುವ ಮಾಲು ಎಂಬ ಲೆಕ್ಕವೇ ಬಹುಕಾಲ ನಡೆಯಿತು.

ಆ ಲೆಕ್ಕವನ್ನು ಪ್ರಶ್ನಿಸಿದ ಮೊದಲ ದೊಡ್ಡ ದನಿ ನಮ್ಮ ಕಡೆ ಕೇಳಿದ್ದು ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆಯಿಂದ. ನವೆಂಬರ್ 1987ರಲ್ಲಿ ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ ಹೊರಟು, 1988ರ ಫೆಬ್ರವರಿಯಲ್ಲಿ ಗೋವಾದ ಫೋಂಡಾ ಬಳಿ ಕೂಡಿದವು. ನಮ್ಮ ಗುಡ್ಡಗಳ ಆಚೆ ಮಗ್ಗುಲಲ್ಲೇ ಆದ ಮಾತು ಅದು. ಬೆಳಗಾವಿಯ ಪಕ್ಷಿಪ್ರಿಯರು, ಚಾರಣಿಗರು, ವಕೀಲರು, ಮಾಸ್ತರರು ಸೇರಿ ಭೀಮಗಡ ವನ್ಯಜೀವಿಧಾಮವಾಗಲೆಂದು ಕೇಳತೊಡಗಿದರು. ಗೋವಾ 1999ರಲ್ಲಿ ತನ್ನ ಪಾಲಿನ ಕಾಡನ್ನು ಮ್ಹಾದೇಯಿ ಅಭಯಾರಣ್ಯವೆಂದು ಘೋಷಿಸಿದ ಮೇಲೆ ನಮ್ಮ ಮಾತಿಗೆ ಬಲ ಬಂತು. ಹುಲಿಗೆ ರಾಜ್ಯದ ಗಡಿ ತಿಳಿಯದು, ದಾಂಡೇಲಿಯಿಂದ ಅತ್ತ ದಾಟುವ ದಾರಿಯ ಮಧ್ಯದ ಕಾಡು ನಮ್ಮದು. ನಾನು ಮಾಡಿದ್ದು ಸಣ್ಣ ಕೆಲಸ. ಮಕ್ಕಳಿಂದ ಅಂಚೆ ಕಾರ್ಡು ಬರೆಸಿ ಬೆಂಗಳೂರಿಗೆ ಹಾಕಿಸಿದೆ. ಒಬ್ಬ ಹುಡುಗ ಕಾರ್ಡಿನ ತುಂಬ ಬಾವಲಿಯ ಚಿತ್ರವನ್ನೇ ಬರೆದು ಕೊನೆಗೆ ಸಹಿ ಮಾಡಿದ್ದ. ನಾನು ತಿದ್ದಲಿಲ್ಲ.

2011ರ ಡಿಸೆಂಬರಿನಲ್ಲಿ ಆದೇಶ ಬಂತು. 190 ಚದರ ಕಿಲೋಮೀಟರಿನಷ್ಟು ಕಾಡು ಭೀಮಗಡ ವನ್ಯಜೀವಿಧಾಮವಾಯಿತು. ಆ ಸಂಜೆಯ ಸಂತೋಷ ನನಗೆ ಇವತ್ತಿಗೂ ಹಾಗೇ ಇದೆ.

ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಖಾನಾಪುರದಿಂದ ಗೋವಾ ಗಡಿಯ ಹೆದ್ದಾರಿ ಅಗಲಿಸಲು ಮರ ಕಡಿದಾಗ ಪರಿಸರಪ್ರಿಯರು ಹೈಕೋರ್ಟಿಗೆ ಹೋದರು. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಮಾತು ಇನ್ನೂ ಕಠಿಣ. ನನ್ನ ತವರು ನವಲಗುಂದ. 2015ರಿಂದ ನರಗುಂದ, ನವಲಗುಂದದ ರೈತರು ಮಹದಾಯಿ ನೀರಿಗಾಗಿ ಬೀದಿಗಿಳಿದಾಗ ನನ್ನ ಅಣ್ಣಂದಿರೂ ಅವರೊಳಗಿದ್ದರು. ಎರೆಹೊಲ ಬಿರಿದು ನಿಂತ ವರ್ಷ ನಾನೂ ನೋಡಿದ್ದೇನೆ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ನೀರು ಕೊಟ್ಟಿತು. ಅಣ್ಣನೆದುರು ಕೂತು ನಾನು ಹೇಳುವುದು ಇಷ್ಟೇ: ನೀರು ಬೇಕು, ಸರಿ. ಆದರೆ ಮಲಪ್ರಭೆ ಹುಟ್ಟುವುದೂ ಆ ಕಾಡಿನಲ್ಲೇ. ಅದನ್ನು ಅಗೆದು ಬರಿದು ಮಾಡಿದರೆ ಈಗಿರುವ ಹೊಳೆಯೂ ಸೊರಗುತ್ತದೆ. ಅವನು ಒಪ್ಪುವುದಿಲ್ಲ, ಊಟಕ್ಕೆ ಎಬ್ಬಿಸುತ್ತಾನೆ.

ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುವುದು ಇದಕ್ಕಿಂತ ಕಷ್ಟ. ಅದನ್ನು ಕೇಳಿದವರು ಖಾನಾಪುರದ ಸಂತೆಯಲ್ಲಿ ಭೇಟಿಯಾದ ಹೆಮ್ಮಡಗಾ ಕಡೆಯ ಮುದುಕರೊಬ್ಬರು. ಮರಾಠಿ ಬೆರೆತ ಕನ್ನಡದಲ್ಲಿ ಅವರೆಂದರು: “ಅಕ್ಕೋರ, ಹುಲಿ ಉಳಸ್ರಿ, ಬ್ಯಾಡ ಅನ್ನೂದಿಲ್ಲ. ಕಾಗದಾ ಬರಿಯೂ ಮುಂದ ನಮ್ಮನ್ನ ಯಾರ ಕೇಳಿದ್ರಿ?” ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವ, ತಳೇವಾಡಿ ಇವೆಲ್ಲ ಆ ಕಾಡಿನೊಳಗೆ ಜನ ಬಾಳುತ್ತಿದ್ದ ಊರುಗಳು. ಘೋಷಣೆಗೆ ಮೊದಲೇ ಒಕ್ಕಲೆಬ್ಬಿಸುತ್ತಾರೆಂಬ ಭಯದಿಂದ ಅವರಲ್ಲಿ ಹಲವರು ವಿರೋಧಿಸಿದ್ದರು. ಘೋಷಣೆಯಾದ ಮೇಲೆ ರಸ್ತೆಗೆ, ಸೇತುವೆಗೆ ಅರಣ್ಯ ಕಾಯ್ದೆಯ ತಡೆ. 2024ರ ಮಳೆಗಾಲದಲ್ಲಿ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬರನ್ನು ಆಮಗಾಂವದ ಜನ ಹೆಗಲ ಮೇಲೆ ಹೊತ್ತು ಕಾಡು ದಾಟಿಸಿದರು.

2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳು ತಾವಾಗಿ ಒಪ್ಪಿ ಹೊರಬರಲು ಪರಿಹಾರದ ಮೊದಲ ಕಂತು ಪಡೆದವು. ಮನೆಗೆ 15 ಲಕ್ಷ ರೂಪಾಯಿ, ಎರಡು ಕಂತಿನಲ್ಲಿ. ದನ, ಗದ್ದೆ, ಊರದೇವರು ಬಿಟ್ಟು ಬಂದವರಿಗೆ ಅಷ್ಟು ಹಣದಲ್ಲಿ ಖಾನಾಪುರದ ಸುತ್ತ ಎಷ್ಟು ಜಾಗ ಸಿಕ್ಕೀತು? ಎರಡನೇ ಕಂತು ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಉಳಿಯುತ್ತೇವೆ ಎನ್ನುವವರಿಗೆ ಮಳೆಗಾಲದಲ್ಲಿ ಕಾಲುಸಂಕವೂ ದಾದಿಯೂ ಬೇಕು. ವನ್ಯಜೀವಿಧಾಮಕ್ಕೆ ಸಹಿ ಹಾಕಿದ ಬೆಳಗಾವಿಯವರೇ ಇದಕ್ಕೂ ಸಹಿ ಹಾಕಬೇಕು. ನಿವೃತ್ತಿಯಾದ ಮೇಲೂ ನನ್ನ ಮೇಜಿನ ಮೇಲೆ ಕಾರ್ಡುಗಳಿವೆ. ಈ ಸಲ ವಿಳಾಸ ಜಿಲ್ಲಾಧಿಕಾರಿಗಳ ಕಚೇರಿಯದು.